ಭಾವನ ಅರ್ತಿಂಗು
ನಮ್ಮ ಭಾವನ ಪ್ರಕಾರ ಜಗತ್ತಿನ ಸಕಲ ಕಾಯಿಲೆಗೂ ಕಾರಣ ಒಂದೇ, ಅರ್ತಿಂಗ್ ಸರಿಯಿಲ್ಲದಿರುವುದು. ಪಕ್ಕದ ಮನೆಯ ಕೂಸು ಅತ್ತರೂ, ಆಫೀಸಿನಲ್ಲಿ ಮೇಲಧಿಕಾರಿ ರೇಗಿದರೂ "ಅರ್ತ್ ಸಿಕ್ತಿಲ್ಲ, ಅಷ್ಟೆ" ಎಂದು ತಲೆಯಾಡಿಸುತ್ತಾರೆ. ಕಲ್ಲುಗುಡ್ಡ ಹತ್ತಲೆಂದು ಕೊಂಡ ಜೀಪು ಇವರ ದೆಸೆಯಿಂದ ಅಂಗಳ ಬಿಟ್ಟು ಕದಲಿಲ್ಲ. ಅದರ ಹಿಂಬಾಗಿಲಿಗೆ ವೈರ್‌ಲೆಸ್ ಆಂಟೆನಾ ಸಿಕ್ಕಿಸಿ, ಬಾಗಿಲಿನಿಂದ ಜೀಪಿನ ಅಡಿಯ ಚಾಸಿಗೆ ತಾಮ್ರದ ಪಟ್ಟಿ ಎಳೆದು, ಬೋಲ್ಟ್ ಕೂರುವಲ್ಲೆಲ್ಲ ಉಪ್ಪುಕಾಗದ ಹಿಡಿದು ಉಜ್ಜುತ್ತಾರೆ. "ಬಣ್ಣ ಹೋಗಿ ಕಬ್ಬಿಣ ಕಾಣ್ಬೇಕು, ಇಲ್ದಿದ್ರೆ ಮಾತು ದಾಟಲ್ಲ, ಬರೀ ಗೊರಗೊರ" ಎನ್ನುವುದು ಅವರ ಮಂತ್ರ. ಹೊಸ ಜೀಪು ಈಗ ಕಜ್ಜಿನಾಯಿಯ ಹಾಗಿದೆ. ವೈರ್‌ಲೆಸ್ಸಿನ ಒಂದು ಸೆಟ್ಟು ಜೀಪಿನೊಳಗಿದ್ದರೆ ಇನ್ನೊಂದು ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕ, ಅಕ್ಕನ ಸುಪರ್ದಿನಲ್ಲಿದೆ. ಊಟಕ್ಕೆ ಕೂತರೆ "ಉಪ್ಪು ಕಮ್ಮಿ" ಎಂಬುದರಾಚೆ ಬಾಯಿ ಬಿಡದ ಭಾವ, "ಇದೊಂದು ಸರಿಹೋಗ್ಲಿ, ನಿಂಗೇನೋ ಹೇಳೋದಿದೆ, ವೈರ್‌ಲೆಸ್ಸಲ್ಲೇ ಹೇಳ್ತೀನಿ" ಎಂದು ಅಕ್ಕನಿಗೆ ಹೇಳುತ್ತಲೇ ಬಂದಿದ್ದಾರೆ. ಮೊನ್ನೆ ಅದು ಸರಿಹೋಗಿಯೇಬಿಟ್ಟಿತು. "ಕೇಳಿಸ್ತಿದೆಯಾ?" ಎಂಬ ದನಿ ಪಕ್ಕದಲ್ಲೇ ನಿಂತು ಕೇಳಿದಷ್ಟು ತಿಳಿಯಾಗಿ ಬಂತು. ಅಕ್ಕ ಚಾಕು ಕೆಳಗಿಟ್ಟು, "ಹೂಂ, ಹೇಳಿ" ಎಂದಳು. ಆಮೇಲೆ ಮಾತಿಲ್ಲ. ಜೀಪಿನಲ್ಲಿ ಭಾವ ಮಾತಾಡುವ ಬಟನ್ ಒತ್ತಿಕೊಂಡೇ ಕೂತಿದ್ದರಿಂದ ಉಗುಳು ನುಂಗಿದ್ದು, ಗಂಟಲು ಸರಿಮಾಡಿಕೊಂಡಿದ್ದು ಎಲ್ಲವೂ ನಮಗೆ ಕೇಳಿಸುತ್ತಿತ್ತು. ನಾನು ನಗಲು ಹೊರಟರೆ ಅಕ್ಕ ಕಣ್ಣಲ್ಲೇ ಗದರಿದಳು. ಕೊನೆಗೆ ಅವರು ಬಟನ್ ಬಿಟ್ಟರು. ಅಕ್ಕ ಸೆಟ್ಟನ್ನು ತುಟಿಯ ಹತ್ತಿರ ಹಿಡಿದು, "ಏನೂ ಕೇಳಿಸ್ಲಿಲ್ಲ ರೀ, ಬರೀ ಗೊರಗೊರ. ಅರ್ತ್ ಇನ್ನೊಂಚೂರು ನೋಡಿ" ಎಂದಳು. ಅಂಗಳದಲ್ಲಿ ಮತ್ತೆ ಉಪ್ಪುಕಾಗದ ಉಜ್ಜುವ ಸದ್ದು ಶುರುವಾಯಿತು, ಈ ಸಲ ಶಿಳ್ಳೆಯ ಜೊತೆಗೆ.