ದೇವರ ಜಗಲಿಯ ಮೇಲಿನ ಹಿಡಿ ಅಕ್ಕಿ

ಅಕ್ಕಿಆಲೂರಿನ ನಮ್ಮ ಗಿರಣಿಯಿಂದ ಲಾರಿ ದೂರದ ಊರಿಗೆ ಹೊರಟಿತೆಂದರೆ ಅವ್ವ ಆ ಲೋಡಿನಿಂದ ಒಂದು ಹಿಡಿ ಅಕ್ಕಿ ತೆಗೆದು ದೇವರ ಜಗಲಿಯ ಮೇಲೆ ಇಡುತ್ತಿದ್ದಳು. ಗಿರಾಕಿಯಿಂದ ಸುದ್ದಿ ಬಂದ ಮೇಲೆಯೇ ಅದನ್ನು ಅನ್ನ ಮಾಡುವುದು. ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ.

ಆ ವರ್ಷ ನಮ್ಮ ಅಕ್ಕಿ ಮೊದಲ ಸಲ ಕಡಲು ದಾಟುವುದಿತ್ತು. ಕೊಲ್ಲಿ ದೇಶದ ವ್ಯಾಪಾರಿಯೊಬ್ಬ ಹುಬ್ಬಳ್ಳಿಯ ದಲಾಲಿಯ ಮೂಲಕ ಸ್ಯಾಂಪಲ್ ತರಿಸಿಕೊಂಡು, ನುಚ್ಚು ಜಾಸ್ತಿ ಎಂದು ಒಲ್ಲೆ ಅಂದಿದ್ದ. ಹಟಕ್ಕೆ ಬಿದ್ದು ನುಚ್ಚು ಬೇರ್ಪಡಿಸುವ ಹೊಸ ಯಂತ್ರ ಹಾಕಿಸಿದೆ. ಆಮೇಲೆ ಹೂಂ ಅಂದ. ಊರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಈ ಗಿರಾಕಿ ಕೈಹಿಡಿದರೆ ನಮ್ಮದು ಉಳಿಯುತ್ತದೆ, ಇದೊಂದೇ ನನ್ನ ತಲೆಯಲ್ಲಿ.

ಲಾರಿ ಬಂದರು ಮುಟ್ಟಿತು. ಮಾಲು ಹಡಗು ಹತ್ತುವ ಮೊದಲೇ, ಬಿಳಿ ಅಕ್ಕಿ ಹೊರದೇಶಕ್ಕೆ ಹೋಗಕೂಡದು ಎಂದು ಸರ್ಕಾರದ ಆದೇಶ ಬಂತು. ದೇಶದೊಳಗೆ ಅಕ್ಕಿ ತುಟ್ಟಿಯಾಗಬಾರದಂತೆ! ಕುಚ್ಚಲಕ್ಕಿಯಾದರೆ ಸುಂಕ ಕಟ್ಟಿ ಕಳಿಸಬಹುದಂತೆ. ಭತ್ತ ಕುದಿಸುವ ಬಾಯ್ಲರ್ ನಮ್ಮಲ್ಲಿ ಎಲ್ಲಿತ್ತು? ಲಾರಿ ಹೋದ ದಾರಿಯಲ್ಲೇ ತಿರುಗಿ ಬಂತು. ಅಷ್ಟು ಆಸ್ಥೆಯಿಂದ ಹಸನು ಮಾಡಿದ ಅಕ್ಕಿಯನ್ನು ಸಿಕ್ಕಸಿಕ್ಕವರಿಗೆ ಮಾರಿದೆ.

ಹಾನಗಲ್ಲಿನ ಕಿರಾಣಿ ಅಂಗಡಿಯಲ್ಲಿ ಒಂದು ದಿನ ಕೇಳಿಯೇಬಿಟ್ಟೆ, "ಅಕ್ಕಿ ಸೋವಿ ಆತೇನ್ರಿ?"

ಅಂಗಡಿಯವ ನಕ್ಕ. "ಎಲ್ಲಿ ಸೋವಿರಿ? ಗಿರಣಿಯವರು ನೀವ ಹಿಂಗ ಕೇಳಿದ್ರ ಹೆಂಗ?"

ಜಗಲಿಯ ಮೇಲಿನ ಅಕ್ಕಿಯನ್ನು ಅವ್ವ ಮುಟ್ಟಲಿಲ್ಲ. "ಗಿರಾಕಿ ಬ್ಯಾಡ ಅಂದಿಲ್ಲಲ್ಲ, ಇರಲಿ ಬಿಡು," ಅಂದಳು. ನನಗೂ ಅದೇ ಆಸೆ.

ಸುಗ್ಗಿ ಕಳೆದು ಮತ್ತೊಂದು ಸುಗ್ಗಿ ಬಂದ ಮೇಲೆ ಆದೇಶ ಹಿಂದಕ್ಕೆ ಹೋಯಿತು. ಕೂಡಲೇ ದಲಾಲಿಗೆ ಫೋನ್ ಹಚ್ಚಿದೆ.

"ನಿಮ್ಮ ಅಕ್ಕಿ ಚೊಲೊ ಐತಿ, ಅದಕ್ಕ ಅಂವಾ ಹೆಸರಿಡಂಗಿಲ್ರಿ," ಅಂದ. "ಆದ್ರ ಈಗ ಬ್ಯಾರೆ ದೇಶದಾಗ ತಗೊಳ್ಳಾಕತ್ತಾನ. ನಿಮ್ಮ ಸರ್ಕಾರ ಯಾವಾಗ ಬಾಗಲಾ ಹಾಕ್ತೈತೋ ಯಾರಿಗೆ ಗೊತ್ತು, ನಂಬಿ ಕುಂದ್ರಾಕ ಆಗಂಗಿಲ್ಲ ಅಂತಾನ."

ಫೋನ್ ಇಟ್ಟೆ. ತಪ್ಪು ಅಕ್ಕಿಯದಾಗಿದ್ದರೆ ಇನ್ನೊಂದು ಯಂತ್ರ ತರುತ್ತಿದ್ದೆ. ಇದಕ್ಕೆ ಯಾವ ಯಂತ್ರ ತರಲಿ?

"ಏನಂದ?" ಅವ್ವ ಕೇಳಿದಳು.

"ಒಲ್ಲೆ ಅಂದ. ಗಿರಣಿ ಮುಚ್ಚೂದ, ಅವ್ವ."

ಅವ್ವ ಜಗಲಿಯಿಂದ ಆ ಅಕ್ಕಿ ಇಳಿಸಿದಳು. ಹುಳ ಬಿದ್ದಿತ್ತು. ಮೊರದಲ್ಲಿ ಕೇರಿ, ತೊಳೆದು, ಒಲೆಯ ಮೇಲಿಟ್ಟಳು. ಬೆಂದದ್ದನ್ನು ಗಂಗಾಳಕ್ಕೆ ಬಡಿಸಿ ನನ್ನ ಮುಂದೆ ಸರಿಸಿದಳು.

"ಸುದ್ದಿ ಬಂತಲ್ಲೋ," ಅಂದಳು. "ಉಣ್ಣು."