ಕಾಲುವೆ ಕಡೆಯಿಂದ ಎರಡು ಬಡಿತ

ನೆನಪು ಸುಳ್ಳು ಸೇರಿಸುತ್ತದೆ ಎಂದು ನಂಬಿದವನು ನಾನು. ಹಾಗಾಗಿ ಆ ರಾತ್ರಿ ನನ್ನ ಕಿವಿಗೆ ಬಿದ್ದದ್ದನ್ನಷ್ಟೇ ಹೇಳುತ್ತೇನೆ. ನಂಬುವುದು ನಿಮಗೆ ಬಿಟ್ಟದ್ದು... ಆದರೆ ಇದು ನಡೆದದ್ದು.

ಹಳೆಯ ಮಿನಿಬಸ್ಸೊಂದನ್ನು ಕೊಂಡು, ಒಳಗೆ ಒಲೆ, ಕಪಾಟು, ಹಿಂಬದಿಗೆ ಅಡ್ಡಲಾಗಿ ಒಂದು ಮಂಚ ಕೂಡಿಸಿ ಓಡಾಡುವ ಮನೆ ಮಾಡಿಕೊಂಡಿದ್ದೆ. ಸೊಂಟದ ಆಪರೇಷನ್ ಆದ ಅವ್ವನಿಗೆ ಕೂತು ಪ್ರಯಾಣ ಮಾಡಲು ಆಗುತ್ತಿರಲಿಲ್ಲ. ಅವತ್ತು ಲಿಂಗಸುಗೂರಿನ ಅಕ್ಕನ ಮನೆಯಿಂದ ಹೊರಡುವಾಗ ಅವಳನ್ನು ಮಲಗಿಸಿ ಪಟ್ಟಿ ಬಿಗಿದು, ಗ್ಯಾಸ್ ಬಂದ್ ಮಾಡಿ, ಕಪಾಟಿನ ಚಿಲಕಗಳನ್ನು ಎಳೆದು ನೋಡಿಯೇ ಗಾಡಿ ತೆಗೆದೆ.

ಮಂಚ, ಕಪಾಟುಗಳಿಂದ ಹಿಂದಿನ ಗಾಜು ಮುಚ್ಚಿಹೋಗಿತ್ತು. ಹಿಂದಕ್ಕೆ ತೆಗೆಯುವಾಗ ಹೆಂಡತಿ ಗಿರಿಜಾ ಇಳಿದು ಗಾಡಿಯ ಮೈಗೆ ಬಡಿಯುತ್ತಿದ್ದಳು. ಲಾರಿ ಕ್ಲೀನರ್‌ಗಳ ರೂಢಿ ಅದು. ಎರಡು ಬಡಿದರೆ ಬಾ; ಒಂದೇ ಬಡಿದರೆ ನಿಲ್ಲು.

ಮಸ್ಕಿ ದಾಟಿ ಸಿಂಧನೂರಿನ ಕಡೆ ಬರುತ್ತಿದ್ದೆವು. ಆಗಷ್ಟೇ ಕತ್ತಲಾಗಿತ್ತು. ಅವ್ವನಿಗೆ ಗುಳಿಗೆ ಕೊಡಲೆಂದು ಗಾಡಿಯನ್ನು ಕಾಲುವೆ ದಂಡೆಯ ದಾರಿಗೆ ಇಳಿಸಿದೆ. ನೀರು ತುಂಬಿ ಹರಿಯುತ್ತಿತ್ತು. ಗದ್ದೆಗೆ ಹೊಡೆದ ಔಷಧಿಯ ಘಾಟು, ಹಸಿ ಕೆಸರಿನ ವಾಸನೆ... ಒಂದು ಕಪ್ಪೆಯೂ ಕೂಗುತ್ತಿರಲಿಲ್ಲ. ಇದು ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಗೊತ್ತಿಲ್ಲ.

ಹೊರಡಲು ಗಾಡಿ ತಿರುಗಿಸಬೇಕಿತ್ತು. ಮುಂದೆ ಗದ್ದೆ, ಹಿಂದೆ ಕಾಲುವೆ.

“ಮನಿ ತಿರುವಾಕ ಬರ್ತೈತೇನ್ರಿ ನಿಮಗ?” ಗಿರಿಜಾ ನಗುತ್ತ ಇಳಿದಳು.

“ಸೈಕಲ್ ತಿರುವಾಕ ಹೋಗಿ ತಿಪ್ಪಿ ಸೇರಿದಾಂವ ಅಂವ. ಚಂದಂಗ ನೋಡವ್ವಾ” ಎಂದಳು ಅವ್ವ, ಮಂಚದಿಂದಲೇ.

ರಿವರ್ಸ್ ಗೇರ್ ಹಾಕಿದೆ. ಟಪ್ ಟಪ್. ತುಸು ಹಿಂದೆ ಹೋದೆ. ಟಪ್ ಟಪ್... ಮತ್ತೆ ತುಸು. ಅವಸರವಿಲ್ಲದ, ಒಂದೇ ಸಮನಾದ ಬಡಿತ. ಹಿಂದಿನ ಗಾಲಿ ಮೆತ್ತಗೆ ಕುಸಿದಂತಾಯಿತು. ಟಪ್ ಟಪ್. ಅವಳು ನೋಡುತ್ತಿದ್ದಾಳಲ್ಲ ಎಂದುಕೊಂಡು ಬ್ರೇಕಿನಿಂದ ಕಾಲು ತೆಗೆದೆ.

ಆಗ ಎಡಗಡೆಯ ಕತ್ತಲಿನಿಂದ ಹೆಡ್‌ಲೈಟಿನ ಬೆಳಕಿಗೆ... ಗಿರಿಜಾ ಓಡಿ ಬಂದಳು. ಗಾಡಿಯ ಮುಂದೆ. ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು. ಎಂಜಿನ್ ಸದ್ದಿಗೆ ಏನೂ ಕೇಳುತ್ತಿರಲಿಲ್ಲ.

ನಾನು ಅವಳನ್ನೇ ನೋಡುತ್ತಿದ್ದೆ. ಹಿಂದೆ ಮತ್ತೆ... ಟಪ್ ಟಪ್.

ಬ್ರೇಕಿನ ಮೇಲೆ ನಿಂತೇಬಿಟ್ಟೆ.

“ಒಂದ ಸಲ ಬಡದು ಎಷ್ಟೊತ್ತಾತ್ರಿ! ಕೇಳಲಿಲ್ಲೇನು? ಗಾಲಿ ಅಂಚಿಗೆ ಬಂದೈತಿ, ಒಳಗ ಅತ್ತಿ ಅದಾರ!” ಕಿಟಕಿಗೆ ಬಂದು ಕೂಗಿದಳು.

“ಹಿಂದ ಯಾರದಾರ?”

“ಹಿಂದ ನಿಂದ್ರಾಕ ಜಾಗಾ ಎಲ್ಲೈತ್ರಿ? ಬರೇ ನೀರೈತಿ.”

ಆಗ ಹಿಂಬದಿಯ ಕತ್ತಲಿನಿಂದ ಅವ್ವನ ದನಿ, ಮೆಲ್ಲಗೆ: “ಯಾಕ ನಿಂದ್ರಿಸಿದ್ಯೋ ಯಪ್ಪಾ? ಅಕಿ ಇನ್ನಾ ಬಡ್ಯಾಕತ್ತಾಳಲ್ಲ...”

ಮೊದಲ ಗೇರಿನಲ್ಲಿ ಗಾಡಿ ಹೇಗೆ ಮೇಲೆ ಬಂತೋ ನೆನಪಿಲ್ಲ. ಹಿಂದೆ ಮಣ್ಣಿನ ಹೆಂಟೆಯೊಂದು ನೀರಿಗೆ ಬಿದ್ದ ಸದ್ದು ಮಾತ್ರ ನೆನಪಿದೆ. ಸಿಂಧನೂರು ಮುಟ್ಟುವ ತನಕ ಗಾಡಿ ಎಲ್ಲೂ ನಿಲ್ಲಿಸಲಿಲ್ಲ.

ಕಪಾಟಿನ ಬಾಗಿಲು ಬಡಿದುಕೊಂಡಿರಬೇಕು ಎಂದು ಬೆಳಗ್ಗೆ ನೋಡಿದೆ. ಚಿಲಕಗಳೆಲ್ಲ ಹಾಕಿದಂತೆಯೇ ಇದ್ದವು. ಅವ್ವನನ್ನು ಕೇಳಿದೆ.

“ಸೈಕಲ್ ಮಾತು ಆಡಿದ್ದು ನೆನಪೈತಿ. ಆಮ್ಯಾಲ ನಿದ್ದಿ ಹತ್ತಿತಪ್ಪ. ನಾ ಏನೂ ಅಂದಿಲ್ಲ.”

ಈಗ ನಮ್ಮಲ್ಲಿ ಬಡಿಯುವ ರೂಢಿ ಇಲ್ಲ. ಗಿರಿಜಾ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನನಗೆ ಕಾಣುವಂತೆ ನಿಲ್ಲುತ್ತಾಳೆ. ಅವಳು ಕಾಣದಾದರೆ ಗಾಡಿ ನಿಲ್ಲುತ್ತದೆ. ಅವ್ವನ ಮಂಚವನ್ನು ನನ್ನ ಸೀಟಿನ ಹಿಂದಕ್ಕೆ ತಂದಿದ್ದೇನೆ.

ಆದರೆ ಕೆಲವು ರಾತ್ರಿ, ಎಂಜಿನ್ ಬಂದ್ ಆಗಿ ಅಂಗಳದಲ್ಲಿ ನಿಂತ ಗಾಡಿಯಿಂದ ಕೇಳುತ್ತದೆ... ಟಪ್ ಟಪ್. ಅವ್ವ ಕೇಳಿಸಿಕೊಂಡಾಳೆಂದು ನಾನು ಮಲಗಿದಲ್ಲಿಂದಲೇ ಕಿಟಕಿಯ ಸರಳಿಗೆ ಒಂದು ಸಲ ಬಡಿಯುತ್ತೇನೆ.

ನಿಲ್ಲುತ್ತದೆ.

ಅದು ನಿಲ್ಲುವುದೇ ನನಗೆ ಹೆದರಿಕೆ.