ಗೋಪುರದಿಂದ ಕಾಣುತ್ತಿದ್ದ ಗೋರಿ

ತಂಗಿ ಶಮೀಮ್, ನಾನು ಆ ಗೋಪುರವನ್ನು ಒಮ್ಮೆಯೂ ತುದಿಯವರೆಗೆ ಹತ್ತಿಲ್ಲ. ಐದು ವರ್ಷ ನಿಮ್ಮ ತಂದೆಗೆ, ನಾನು ಚಾಚಾ ಎನ್ನುತ್ತಿದ್ದವರಿಗೆ, ಹೇಳಿದ್ದೆಲ್ಲ ಸುಳ್ಳು.

ಎರಡು ನದಿ ಕೂಡುವುದನ್ನು ಜನ ಮೇಲಿಂದ ನೋಡಲಿ ಎಂದು ಕಟ್ಟಿದ ಗೋಪುರ. ಅದರ ಕಾವಲಿಗೆಂದು ಹುಮನಾಬಾದಿನಿಂದ ಬಂದ ನನಗೋ, ಎತ್ತರವೆಂದರೆ ಮೊದಲಿನಿಂದಲೂ ಹೆದರಿಕೆ. ಕೆಲಸ ಹೋದೀತೆಂದು ಯಾರಿಗೂ ಹೇಳಲಿಲ್ಲ.

ಚಾಚಾ ಪ್ರತಿ ಶುಕ್ರವಾರ ನಮಾಜು ಮುಗಿಸಿ ರಾಜೇಶ್ವರದಿಂದ ಬಸ್ಸು ಹಿಡಿದು ಬರುತ್ತಿದ್ದರು. ನಿಮ್ಮ ಅಮ್ಮಿಯ ಗೋರಿ ನದಿಗಳ ನಡುವಿನ ನಿಮ್ಮ ಹಳೆಯ ಹೊಲದಲ್ಲಿ — ಹಿನ್ನೀರು ಬಂದ ಮೇಲೆ ಅಲ್ಲಿಗೆ ನಡೆಯುವ ದಾರಿಯಿರಲಿಲ್ಲ, ಗೋಪುರದಿಂದ ಮಾತ್ರ ಕಾಣುತ್ತಿತ್ತು. ಅವರ ಮೊಣಕಾಲಿಗೆ ಮೆಟ್ಟಿಲೂ ಆಗುತ್ತಿರಲಿಲ್ಲ, ತೆಪ್ಪ ಹತ್ತಿಳಿಯುವುದೂ ಆಗುತ್ತಿರಲಿಲ್ಲ.

“ನೀವೇ ಜರಾ ನೋಡಿ ಬರ್ರಿ ಸಿದ್ದಣ್ಣ. ದಂಡಿ ಕುಸಿಯಾಕತ್ತಿದ್ರ ಹೇಳ್ರಿ, ಕಲ್ಲು ಹಾಕಸ್ತೀನಿ. ನನಗೂ ಆಕಿ ಬಾಜೂಕೇ ಮಣ್ಣು ಮಾಡ್ರಿ ಅಂತ ಮನ್ಯಾಗ ಹೇಳೀನಿ.”

ನಾನು ಮೊದಲ ತಿರುವಿನವರೆಗೆ ಹತ್ತಿ, ಗೋಡೆಗೊರಗಿ ಒಂದು ಬೀಡಿ ಸೇದಿ ಇಳಿಯುತ್ತಿದ್ದೆ.

“ಕಾಣ್ತದ್ರಿ ಚಾಚಾ. ಹ್ಯಾಂಗಿತ್ತೋ ಹಂಗೇ ಅದ.”

ಗೋರಿಯ ಪಕ್ಕದ ಬೇವಿನ ಗಿಡ ಎಷ್ಟು ಬೆಳೆದಿದೆ ಎಂದು ಕೇಳುತ್ತಿದ್ದರು. ಅದನ್ನೂ ಕೈಯೆತ್ತಿ ತೋರಿಸುತ್ತಿದ್ದೆ. ದಿನಾ ಎಷ್ಟೋ ಜನ ಹತ್ತಿ ಇಳಿಯುತ್ತಿದ್ದರು — ಅವರಲ್ಲಿ ಒಬ್ಬರನ್ನು ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ.

ಚಾಚಾ ತೀರಿಕೊಂಡ ಬೆಳಿಗ್ಗೆ ನಿಮ್ಮ ಯಜಮಾನರು ನಾಲ್ಕು ಮಂದಿಯೊಂದಿಗೆ ಗೋರಿ ತೋಡಲು ತೆಪ್ಪದಲ್ಲಿ ಹೋದರು. ಅರ್ಧ ಗಂಟೆಯಲ್ಲಿ ತಿರುಗಿ ಬಂದರು. ಗುದ್ದಲಿಗೆ ಮಣ್ಣು ಹತ್ತಿರಲಿಲ್ಲ. ದಂಡೆ, ಗೋರಿ, ಬೇವು — ಎಲ್ಲವನ್ನೂ ನೀರು ತಿಂದಿತ್ತು. ಚಾಚಾರನ್ನು ರಾಜೇಶ್ವರದಲ್ಲೇ ಮಣ್ಣು ಮಾಡಿದರು.

ವಾರದ ಮೇಲೆ ನೀವು ಬಸವಕಲ್ಯಾಣದಿಂದ ಗೋಪುರಕ್ಕೆ ಬಂದಿರಿ.

“ಅಬ್ಬಾ ತೀರೋ ಮೊದಲಿನ ಶುಕ್ರವಾರನೂ ಕಾಣ್ತದ ಅಂದಿದ್ರಂತಲ್ಲಣ್ಣ, ಹ್ಯಾಂಗಾತು?”

“ಆ ವಾರದ ಮಳಿಗೇ ಹೋತು ತಂಗಿ.”

ನೀವು ನಂಬಿದಿರಿ. “ಅಬ್ಬಾ ನಿಮಗ ಭಾಳ ದುವಾ ಮಾಡತಿದ್ರು” ಅಂದಿರಿ. ನನಗೆ ಅಳು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿಯಿತು — ಏಳು ವರ್ಷವಾದರೂ ಹಾಗೇ ಇದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ಕೊಟ್ಟು, ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ. ಏನು ಕೇಳಿದರೂ ನಿಜ ಹೇಳುತ್ತೇನೆ. ಆದರೆ ಅಮ್ಮಿಯ ಗೋರಿ ಯಾವಾಗ ಹೋಯಿತೆಂದು ಕೇಳಿದರೆ — ಆ ವಾರವೋ, ಮೊದಲ ವರ್ಷವೇ ಹೋಗಿತ್ತೋ, ಇನ್ನೂ ಕಲ್ಲು ಹಾಕಿ ಉಳಿಸುವಷ್ಟು ದಿನ ಇತ್ತೋ — ನನಗೆ ಗೊತ್ತಿಲ್ಲ. ನಾನು ನೋಡಿರಲಿಲ್ಲ.